ಡೆಲ್ಫೀನ್ ಸೇರಿಗ್: ದೇವತೆಯಾಗಲು ಒಲ್ಲೆ ಎಂದ ನಟಿ

ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ಒಂದು ಮತದಾನ ನಡೆಸುತ್ತದೆ. ಜಗತ್ತಿನ ಅತ್ಯುತ್ತಮ ಸಿನಿಮಾ ಯಾವುದು ಎಂದು ವಿಮರ್ಶಕರನ್ನು ಕೇಳುತ್ತದೆ. 2022ರ ಡಿಸೆಂಬರ್‌ನಲ್ಲಿ ಫಲಿತಾಂಶ ಬಂದಾಗ ತುಂಬಾ ಜನ ಬೆಚ್ಚಿಬಿದ್ದರು. ಮೊದಲ ಸ್ಥಾನಕ್ಕೆ ಬಂದದ್ದು 1975ರ ಒಂದು ಬೆಲ್ಜಿಯನ್ ಸಿನಿಮಾ. ಅದರ ಹೆಸರೇ ಒಬ್ಬ ಹೆಂಗಸಿನ ಹೆಸರು ಮತ್ತು ಮನೆ ವಿಳಾಸ: 'ಜಾನ್ ಡೀಲ್‌ಮನ್, 23 ಕೆ ದ್ಯು ಕೊಮೆರ್ಸ್, 1080 ಬ್ರಸೆಲ್ಸ್'. ಅವಧಿ 201 ನಿಮಿಷ. ಅದರಲ್ಲಿ ಬಹುಪಾಲು ಹೊತ್ತು ಒಬ್ಬ ಗೃಹಿಣಿ ಅಡುಗೆ ಮಾಡುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಹಾಸಿಗೆ ಸರಿಮಾಡುತ್ತಾಳೆ.

ಆಗ ಎಲ್ಲರೂ ಮಾತಾಡಿದ್ದು ನಿರ್ದೇಶಕಿ ಶಾಂತಾಲ್ ಆಕೆರ್ಮನ್ ಬಗ್ಗೆ. ಮಾತಾಡಲೇಬೇಕಿತ್ತು. ಅವರು ಆ ಸಿನಿಮಾ ಮಾಡಿದಾಗ ವಯಸ್ಸು ಬರೀ 25. ಒಬ್ಬ ಮಹಿಳೆ ಮಾಡಿದ ಸಿನಿಮಾ ಆ ಪಟ್ಟಿಯ ತುದಿಗೆ ಬಂದದ್ದೂ ಅದೇ ಮೊದಲು. ಆದರೆ ಆ ಅಡುಗೆಮನೆಯಲ್ಲಿ ಮೂರು ಗಂಟೆಗೂ ಜಾಸ್ತಿ ಹೊತ್ತು ನಿಂತವರು ಫ್ರೆಂಚ್ ನಟಿ ಡೆಲ್ಫೀನ್ ಸೇರಿಗ್. ಅವರ ಬಗ್ಗೆ ಅಷ್ಟು ಮಾತು ಕೇಳಿಬರಲಿಲ್ಲ. ನನಗೆ ಇದು ಬೇಸರದ ಸಂಗತಿ. ಯಾಕೆಂದರೆ ಆ ಅಡುಗೆಮನೆಗೆ ಸೇರಿಗ್ ಎಲ್ಲಿಂದ ಬಂದರು ಅಂತ ಗೊತ್ತಾದರೆ ಸಿನಿಮಾ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಅವರು ಬಂದದ್ದು ಅರಮನೆಯಿಂದ.

1961ರ 'ಲಾಸ್ಟ್ ಇಯರ್ ಅಟ್ ಮಾರಿಯನ್‌ಬಾದ್' ಅಂತಲೇ ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿರುವ ಸಿನಿಮಾ. ನಿರ್ದೇಶಕ ಅಲೆನ್ ರೆನೆ, ಚಿತ್ರಕಥೆ ಅಲೆನ್ ರೋಬ್-ಗ್ರಿಯೆ ಅವರದು. ಮ್ಯೂನಿಕ್ ಸುತ್ತಮುತ್ತಲ ಅರಮನೆಗಳಲ್ಲಿ, ತೋಟಗಳಲ್ಲಿ ಚಿತ್ರೀಕರಣ ನಡೆಯಿತು. ಒಬ್ಬ ಗಂಡಸು ಒಬ್ಬ ಹೆಂಗಸಿಗೆ ಹೇಳುತ್ತಲೇ ಇರುತ್ತಾನೆ: ಹೋದ ವರ್ಷ ನಾವು ಭೇಟಿಯಾಗಿದ್ದೆವು, ನನ್ನ ಜೊತೆ ಬರುತ್ತೇನೆ ಅಂದಿದ್ದೆ. ಅವಳಿಗೆ ಅದು ನೆನಪಿಲ್ಲ. ನಿಜವಾಗಿ ನಡೆದಿತ್ತೋ ಇಲ್ಲವೋ ನಮಗೂ ತಿಳಿಯುವುದಿಲ್ಲ. ಆ ಹೆಂಗಸಿಗೆ ಸಿನಿಮಾದಲ್ಲಿ ಹೆಸರೇ ಇಲ್ಲ, ಚಿತ್ರಕಥೆಯಲ್ಲಿ ಅವಳು ಬರೀ 'ಎ'. ಆ ಪಾತ್ರಕ್ಕೆ ಸೇರಿಗ್ ಕೊಕೊ ಶನೆಲ್ ಫ್ಯಾಷನ್ ಸಂಸ್ಥೆಯ ಉಡುಪು ತೊಟ್ಟರು. ಕೈಯನ್ನು ಭುಜದ ಮೇಲೆ ಇಟ್ಟುಕೊಂಡು, ಕತ್ತು ಒಂದಿಷ್ಟು ಓರೆ ಮಾಡಿ, ಶಿಲ್ಪದ ಹಾಗೆ ನಿಲ್ಲುತ್ತಾರೆ. ಸಿನಿಮಾಗೆ ವೆನಿಸ್ ಚಿತ್ರೋತ್ಸವದಲ್ಲಿ ಚಿನ್ನದ ಸಿಂಹ ಪ್ರಶಸ್ತಿ ಬಂತು. ಸೇರಿಗ್ ಯುರೋಪಿನ ಕಲಾತ್ಮಕ ಸಿನಿಮಾದ ದೇವತೆಯಾದರು.

ಈ ಪಟ್ಟ ಅವರಿಗೆ ಎಷ್ಟು ಅಂಟಿಕೊಂಡಿತು ಅಂದರೆ, ಮುಂದಿನ ಎಷ್ಟೋ ನಿರ್ದೇಶಕರು ಅವರಿಂದ ಅದನ್ನೇ ಕೇಳಿದರು. ಅವರ ದನಿಯೂ ಅದಕ್ಕೆ ಒಂದು ಕಾರಣ. ತಗ್ಗಿದ ದನಿ, ಸ್ವಲ್ಪ ಎಳೆದು ಆಡುವ ಮಾತು, ಪ್ರತಿ ಪದಕ್ಕೂ ಮೊದಲು ಉಸಿರಿನ ಸಣ್ಣ ಸದ್ದು. ಒಮ್ಮೆ ಕೇಳಿದರೆ ಮರೆಯೋದಿಲ್ಲ. ಫ್ರೆಂಚ್ ಬಾರದ ನಾನು ಸಬ್‌ಟೈಟಲ್ ಓದುವುದನ್ನು ಬಿಟ್ಟು ಸುಮ್ನೆ ಆ ದನಿ ಕೇಳುತ್ತಾ ಕೂತದ್ದಿದೆ.

ಆದರೆ ಅವರು ಬೆಳೆದ ರೀತಿಯಲ್ಲಿ ಈ ದೇವತೆಯ ಸುಳಿವೇ ಇಲ್ಲ. ಹುಟ್ಟಿದ್ದು 1932ರ ಏಪ್ರಿಲ್ 10ರಂದು, ಬೈರೂತ್‌ನಲ್ಲಿ. ತಂದೆ ಹೆನ್ರಿ ಸೇರಿಗ್ ಪುರಾತತ್ವ ವಿದ್ವಾಂಸರು, ಫ್ರೆಂಚರ ಆಡಳಿತದಲ್ಲಿದ್ದ ಸಿರಿಯಾ-ಲೆಬನಾನ್‌ನ ಪ್ರಾಚ್ಯವಸ್ತು ಇಲಾಖೆಯ ಮುಖ್ಯಸ್ಥರು. ಎರಡನೇ ಮಹಾಯುದ್ಧದ ಹೊತ್ತಿಗೆ ಕುಟುಂಬ ನ್ಯೂಯಾರ್ಕ್ ಸೇರಿತು. ಮುಂದೆ ಫ್ರಾನ್ಸ್‌ನಲ್ಲಿ ನಾಟಕ ಕಲಿತು, ಅಮೆರಿಕನ್ ಚಿತ್ರಕಾರ ಜಾಕ್ ಯಂಗರ್‌ಮನ್ ಅವರನ್ನು ಮದುವೆಯಾಗಿ, ಸೇರಿಗ್ ಮತ್ತೆ ನ್ಯೂಯಾರ್ಕಿಗೆ ಹೋದರು. ಅಲ್ಲಿ ಪಾತ್ರದ ಮನಸ್ಸು ಹೊಕ್ಕು ನಟಿಸುವುದನ್ನು ಕಲಿಸುವ ಆಕ್ಟರ್ಸ್ ಸ್ಟುಡಿಯೋ ತರಗತಿಗಳಲ್ಲಿ ಕೂತರು. 1959ರ 'ಪುಲ್ ಮೈ ಡೇಸಿ' ಎಂಬ ಕಿರುಚಿತ್ರದಲ್ಲಿ, ಅಮೆರಿಕದ ಬಂಡುಕೋರ 'ಬೀಟ್' ಕವಿಗಳ ಗಲಾಟೆಯ ನಡುವೆ ಮನೆ ನಡೆಸುವ ಹೆಂಡತಿಯ ಪಾತ್ರ ಮಾಡಿದರು. ರೆನೆ ಅವರನ್ನು ಮೊದಲು ನೋಡಿದ್ದೂ ನ್ಯೂಯಾರ್ಕಿನ ರಂಗಭೂಮಿಯಲ್ಲೇ. ಅಂದರೆ ಮಾರಿಯನ್‌ಬಾದ್‌ನ ಆ ಶಿಲ್ಪದೊಳಗೆ ಇದ್ದವರು ಪಾತ್ರ ಯಾಕೆ ಹೀಗೆ ಮಾಡುತ್ತದೆ, ಅದಕ್ಕೆ ಏನು ಬೇಕಿದೆ ಅಂತ ಕೇಳಿ ಕೇಳಿ ನಟಿಸುವುದನ್ನು ಕಲಿತ ನಟಿ.

ಇದು ಗೊತ್ತಾಗಬೇಕಾದರೆ 1963ರ 'ಮುರಿಯೆಲ್' ನೋಡಬೇಕು. ಮತ್ತೆ ರೆನೆ ಸಿನಿಮಾ. ನನ್ನ ಲೆಕ್ಕದಲ್ಲಿ ಸೇರಿಗ್ ಅವರ ಮೊದಲ ನಿಜವಾದ ದೊಡ್ಡ ಅಭಿನಯ ಇದು. ಆಗ ಅವರಿಗೆ 30ರ ಆಸುಪಾಸು. ಪಾತ್ರ ಮಾತ್ರ ನಡುವಯಸ್ಸಿನ ವಿಧವೆ ಎಲೆನ್‌ಳದು. ಊರು ಬೂಲೋನ್-ಸುರ್-ಮೇರ್. ಯುದ್ಧದಲ್ಲಿ ಬಾಂಬು ಬಿದ್ದು ನೆಲಸಮವಾಗಿ, ಮತ್ತೆ ಕಟ್ಟಿದ ಊರು. ಎಲೆನ್ ಹಳೇ ಪೀಠೋಪಕರಣಗಳ ವ್ಯಾಪಾರಿ, ಅಂಗಡಿಯೂ ಅದೇ, ಮನೆಯೂ ಅದೇ. ಅವಳು ಕೂರುವ ಕುರ್ಚಿ, ಉಣ್ಣುವ ಮೇಜು ಎಲ್ಲವೂ ಮಾರಾಟಕ್ಕಿವೆ. ಹಳೇ ಪ್ರೇಮಿಯನ್ನು ಕರೆಸಿಕೊಂಡಿದ್ದಾಳೆ. ಮಲಮಗ ಬೆರ್ನಾರ್ ಅಲ್ಜೀರಿಯಾದ ಯುದ್ಧದಿಂದ ವಾಪಸ್ ಬಂದಿದ್ದಾನೆ. ಅಲ್ಲಿ ಸೈನಿಕರು ಒಬ್ಬ ಹುಡುಗಿಯನ್ನು ಹಿಂಸಿಸಿ ಕೊಂದಾಗ ಅವನೂ ಜೊತೆಗಿದ್ದ. ಆ ನೆನಪು ಅವನನ್ನು ತಿನ್ನುತ್ತಿದೆ. ಎಲೆನ್ ಒಂದು ಕಡೆ ನಿಲ್ಲುವುದೇ ಇಲ್ಲ. ಮಾತನ್ನು ಅರ್ಧಕ್ಕೇ ಬಿಡುತ್ತಾಳೆ, ಕೀಲಿ ಹುಡುಕುತ್ತಾಳೆ, ಕೋಟು ಹಾಕಿಕೊಂಡು ಜೂಜಾಡಲು ಓಡುತ್ತಾಳೆ. ಎರಡು ವರ್ಷದ ಹಿಂದೆ ಕಲ್ಲಿನ ಹಾಗೆ ನಿಂತಿದ್ದವರು ಇವರೇನಾ ಅನಿಸುತ್ತದೆ. ವೆನಿಸ್‌ನಲ್ಲಿ ಆ ವರ್ಷ ಅತ್ಯುತ್ತಮ ನಟಿ ಪ್ರಶಸ್ತಿ ಅವರಿಗೇ ಬಂತು.

ಆಮೇಲಿನ ಹತ್ತು ವರ್ಷ ಯುರೋಪಿನ ದೊಡ್ಡ ದೊಡ್ಡ ನಿರ್ದೇಶಕರೆಲ್ಲ ಅವರನ್ನು ಕರೆದರು. ಜೋಸೆಫ್ ಲೋಸಿ, ಬುನ್ಯುಯೆಲ್, ತ್ರುಫೊ, ಜಾಕ್ ದೆಮಿ. ದೆಮಿಯ 1970ರ 'ಕತ್ತೆ ಚರ್ಮ'ದಲ್ಲಿ ಅವರು ನೇರಳೆ ಬಟ್ಟೆಯ ಯಕ್ಷಿಣಿ. ತಂದೆಯನ್ನೇ ಮದುವೆಯಾಗಬೇಕಾದ ಇಕ್ಕಟ್ಟಿಗೆ ಸಿಕ್ಕ ರಾಜಕುಮಾರಿಗೆ (ಅದು ಕ್ಯಾಥರಿನ್ ಡೆನೇವ್) ಅದು ಕೂಡದು ಅಂತ ಹಾಡಿ ಬುದ್ಧಿ ಹೇಳುತ್ತಾರೆ. ಬುನ್ಯುಯೆಲ್‌ನ 1972ರ 'ಬೂರ್ಜ್ವಾಗಳ ಗುಟ್ಟಾದ ಮೋಹಕತೆ'ಯಲ್ಲಿ ಊಟಕ್ಕೆ ಕೂತರೂ ಊಟ ಮುಗಿಸಲಾಗದ ಶ್ರೀಮಂತರ ಗುಂಪಿನಲ್ಲಿ ಒಬ್ಬರು. ಬೆಲ್ಜಿಯಂನ ಹ್ಯಾರಿ ಕ್ಯೂಮೆಲ್ ಮಾಡಿದ 1971ರ ರಕ್ತಪಿಶಾಚಿ ಸಿನಿಮಾದಲ್ಲಿ ಅವರು ಕೌಂಟೆಸ್ ಬಾಥೊರಿ. ಚಳಿಗಾಲದ ಓಸ್ಟೆಂಡ್ ಎಂಬ ಕಡಲತೀರದ ಊರು, ಅತಿಥಿಗಳಿಲ್ಲದ ಹೋಟೆಲು, ಮುಖದ ಮೇಲೆ ಕರಗದ ನಗು. ಇದನ್ನು ಅಗ್ಗದ ಹಾರರ್ ಅಂತ ತಳ್ಳಿಹಾಕುವವರಿದ್ದಾರೆ. ನನಗೆ ತುಂಬಾ ಇಷ್ಟ.

ತ್ರುಫೊ ಸಿನಿಮಾದ ಒಂದು ದೃಶ್ಯವನ್ನು ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. 1968ರ 'ಕದ್ದ ಮುತ್ತುಗಳು' (ಇಂಗ್ಲಿಷಿನಲ್ಲಿ 'ಸ್ಟೋಲನ್ ಕಿಸಸ್'). ಅದರಲ್ಲಿ ಸೇರಿಗ್ ಚಪ್ಪಲಿ ಅಂಗಡಿ ಮಾಲೀಕನ ಹೆಂಡತಿ ಫಾಬಿಯೆನ್. ಅಂಗಡಿಗೆ ಕೆಲಸಕ್ಕೆ ಬಂದ ಹುಡುಗ ಆಂತ್ವಾನ್‌ಗೆ ಅವಳನ್ನು ಕಂಡರೆ ಮಾತೇ ಹೊರಡುವುದಿಲ್ಲ. ಕಾಫಿ ಕುಡಿಯುವಾಗ ಗಾಬರಿಯಲ್ಲಿ 'ಹೌದು ಸಾರ್' ಅಂದುಬಿಟ್ಟು ಅಲ್ಲಿಂದ ಓಡುತ್ತಾನೆ. ಅವಳು ಲೋಕದ ಹೆಂಗಸಲ್ಲ, ಯಾವುದೋ ದರ್ಶನ ಅಂತ ಅವನು ನಂಬಿದ್ದಾನೆ. ಆಗ ಫಾಬಿಯೆನ್ ಅವನ ಕೋಣೆಗೇ ಬಂದು ಎದುರಿಗೆ ಕೂತು ಹೇಳುತ್ತಾಳೆ: ನಾನು ದರ್ಶನ ಅಲ್ಲ, ಹೆಂಗಸು, ಅವೆರಡೂ ಒಂದಕ್ಕೊಂದು ತದ್ವಿರುದ್ಧ. ಬೆಳಿಗ್ಗೆ ಎದ್ದು ಮುಖಕ್ಕೆ ಪೌಡರ್ ಹಾಕಿಕೊಳ್ಳುವ, ಎಲ್ಲರಂತೆ ಬದುಕುವ ಹೆಂಗಸು. ಆ ದೃಶ್ಯದಲ್ಲಿ ಸೇರಿಗ್ ದನಿ ಏರಿಸುವುದಿಲ್ಲ, ಸಿಟ್ಟೂ ಇಲ್ಲ. ಹುಡುಗನನ್ನು ನೋಯಿಸದ ಹಾಗೆ, ಆದರೆ ಒಂದು ಮಾತನ್ನೂ ಬಿಟ್ಟುಕೊಡದೆ ಹೇಳುತ್ತಾರೆ. ಬರೆದದ್ದು ತ್ರುಫೊ ಮತ್ತು ಅವರ ಜೊತೆಗಾರರು, ನಿಜ. ಆದರೂ ಮುಂದೆ ಸೇರಿಗ್ ಬದುಕಿದ ರೀತಿ ನೋಡಿದರೆ ಆ ಮಾತು ಅವರದೇ ಅನಿಸುತ್ತದೆ.

1971ರ ಏಪ್ರಿಲ್ 5ರಂದು ಫ್ರಾನ್ಸ್‌ನ ಒಂದು ವಾರಪತ್ರಿಕೆಯಲ್ಲಿ 343 ಹೆಂಗಸರ ಹೆಸರು ಪ್ರಕಟವಾಯಿತು. ನಾವು ಗರ್ಭಪಾತ ಮಾಡಿಸಿಕೊಂಡಿದ್ದೇವೆ ಎಂದು ಅವರೆಲ್ಲ ಬಹಿರಂಗವಾಗಿ ಹೇಳಿದ್ದರು. ಆಗ ಅಲ್ಲಿ ಅದು ಅಪರಾಧ. ಬರಹ ಸ್ತ್ರೀವಾದಿ ಲೇಖಕಿ ಸಿಮೊನ್ ದ ಬೊವಾರ್ ಅವರದು. ಸಹಿ ಹಾಕಿದವರಲ್ಲಿ ಸೇರಿಗ್ ಇದ್ದರು, ಡೆನೇವ್ ಇದ್ದರು, ನಟಿ ಜಾನ್ ಮೊರೊ ಇದ್ದರು. ಮರುವರ್ಷ ಪ್ಯಾರಿಸ್ ಬಳಿಯ ಬೊಬಿನ್ಯಿ ನ್ಯಾಯಾಲಯದಲ್ಲಿ, ಅತ್ಯಾಚಾರದಿಂದ ಗರ್ಭಿಣಿಯಾಗಿ ಗರ್ಭಪಾತ ಮಾಡಿಸಿಕೊಂಡ ಹುಡುಗಿಯ ಮತ್ತು ಅವಳಿಗೆ ನೆರವಾದವರ ವಿಚಾರಣೆ ನಡೆದಾಗ ಸೇರಿಗ್ ಸಾಕ್ಷಿ ಹೇಳಲು ಹೋದರು. 1975ರಲ್ಲಿ ಫ್ರಾನ್ಸ್‌ನಲ್ಲಿ ಕಾನೂನು ಬದಲಾಯಿತು. ಎಷ್ಟೋ ಜನ ನಟ ನಟಿಯರು ಇಂಥ ಒಂದು ಸಹಿ ಹಾಕಿ ತಮ್ಮ ಕೆಲಸಕ್ಕೆ ಹಿಂತಿರುಗುತ್ತಾರೆ, ತಪ್ಪೇನಿಲ್ಲ. ಸೇರಿಗ್ ಹಾಗೆ ಮಾಡಲಿಲ್ಲ. ತಮ್ಮ ಕೆಲಸವನ್ನೇ ಬದಲಿಸಿಕೊಂಡರು. ಲೋಸಿ ಇಬ್ಸೆನ್‌ನ 'ಗೊಂಬೆಯ ಮನೆ'ಯನ್ನು ನಾರ್ವೆಯ ರೋರೋಸ್‌ನಲ್ಲಿ ಚಿತ್ರೀಕರಿಸುವಾಗ, ನೋರಾ ಪಾತ್ರದ ಜೇನ್ ಫೋಂಡಾ ಮತ್ತು ಕ್ರಿಸ್ಟಿನ್ ಪಾತ್ರದ ಸೇರಿಗ್ ಚಿತ್ರಕಥೆಯಲ್ಲಿ ಹೆಂಗಸರನ್ನು ತೋರಿಸಿದ ರೀತಿಯ ಬಗ್ಗೆ ನಿರ್ದೇಶಕರ ಜೊತೆ ಜಗಳಕ್ಕೇ ಬಿದ್ದರು.

ಈಗ 1975ಕ್ಕೆ ಬರೋಣ. ಆ ವರ್ಷದ ಕಾನ್ ಚಿತ್ರೋತ್ಸವದಲ್ಲಿ ಸೇರಿಗ್ ಅವರ ಮೂರು ಸಿನಿಮಾಗಳಿದ್ದವು. ಮೂರೂ ಹೆಂಗಸರು ನಿರ್ದೇಶಿಸಿದವು. ಲಿಲಿಯಾನ್ ದ ಕೆರ್ಮಾದೆಕ್ ಅವರ 'ಅಲೊಯಿಸ್', ಮಾರ್ಗರಿತ್ ದ್ಯುರಾಸ್ ಅವರ 'ಇಂಡಿಯಾ ಸಾಂಗ್', ಆಕೆರ್ಮನ್ ಅವರ 'ಜಾನ್ ಡೀಲ್‌ಮನ್'. ಇವತ್ತಿಗೂ ಯಾವ ನಟಿಗಾದರೂ ಇಂಥ ವರ್ಷ ಸಿಗೋದು ಕಷ್ಟ. 'ಅಲೊಯಿಸ್' ಸ್ವಿಟ್ಜರ್ಲೆಂಡಿನ ಚಿತ್ರಕಲಾವಿದೆ ಅಲೊಯಿಸ್ ಕೊರ್ಬಾಜ್ ಕುರಿತದ್ದು. ಬದುಕಿನ ಬಹುಪಾಲನ್ನು ಮಾನಸಿಕ ಆಸ್ಪತ್ರೆಯಲ್ಲಿ ಕಳೆದ ಹೆಂಗಸು. ಯೌವನದ ಅಲೊಯಿಸ್ ಆಗಿ ಇನ್ನೂ ಹೊಸಬರಾಗಿದ್ದ ಇಸಬೆಲ್ ಯುಪ್ಪೇರ್ ನಟಿಸಿದ್ದಾರೆ, ಮುಂದಿನ ಅಲೊಯಿಸ್ ಸೇರಿಗ್.

'ಇಂಡಿಯಾ ಸಾಂಗ್' ನಮ್ಮ ಪಾಲಿಗೆ ವಿಚಿತ್ರ ಅನುಭವ. ಕಥೆ ನಡೆಯುವುದು 1930ರ ದಶಕದ ಕಲ್ಕತ್ತೆಯಲ್ಲಿ. ಸೇರಿಗ್ ಫ್ರೆಂಚ್ ರಾಯಭಾರಿಯ ಹೆಂಡತಿ ಆನ್-ಮಾರಿ ಸ್ತ್ರೆತೆರ್. ಆದರೆ ಚಿತ್ರೀಕರಣ ನಡೆದದ್ದು ಪ್ಯಾರಿಸ್ ಬಳಿಯ ಪಾಳುಬಿದ್ದ ಬಂಗಲೆಯಲ್ಲಿ. ಕಲ್ಕತ್ತೆಯ ಒಂದು ಬೀದಿಯೂ ಇಲ್ಲ. ಸೆಕೆ, ಮಳೆ, ಕುಷ್ಠ, ಹಸಿವು ಎಲ್ಲವೂ ಬರೀ ಮಾತಿನಲ್ಲಿ. ಭಿಕ್ಷೆ ಬೇಡುವ ಹೆಂಗಸೊಬ್ಬಳ ಹಾಡು, ಕೂಗು ಕೇಳುತ್ತದೆ, ಅವಳು ಕಾಣುವುದಿಲ್ಲ. ಅವಳೂ ಲಾವೋಸ್ ಕಡೆಯಿಂದ ಬಂದವಳು. ಮೊದಲು ನೋಡಿದಾಗ ನನಗೆ ಕಸಿವಿಸಿಯಾಯಿತು. ನಮ್ಮ ನೆಲವನ್ನು ತಮ್ಮ ದುಃಖಕ್ಕೆ ಹಿನ್ನೆಲೆ ಮಾಡಿಕೊಂಡಿದ್ದಾರೆ ಅನಿಸಿತು. ಆ ಭಾವನೆ ಪೂರ್ತಿ ಹೋಗಿಲ್ಲ. ಆದರೆ ಆ ಬಿಳಿಯರಿಗೆ ಕಲ್ಕತ್ತೆ ಕಾಣುತ್ತಲೇ ಇರಲಿಲ್ಲ, ಅವರು ಗೋಡೆಯೊಳಗೇ ಕೊಳೆಯುತ್ತಿದ್ದರು ಅನ್ನುವುದನ್ನು ಈ ಸಿನಿಮಾಕ್ಕಿಂತ ಕಟುವಾಗಿ ಹೇಳಿದ್ದು ನಾನು ಬೇರೆ ನೋಡಿಲ್ಲ. ಇಲ್ಲಿ ಪರದೆಯ ಮೇಲೆ ಯಾರೂ ತುಟಿ ಅಲ್ಲಾಡಿಸುವುದಿಲ್ಲ. ಮಾತೆಲ್ಲ ಹೊರಗಿನಿಂದ ಕೇಳುತ್ತದೆ. ಹೀಗೆ ದನಿಯನ್ನೂ ದೇಹವನ್ನೂ ಬೇರೆ ಮಾಡುವುದು ಸೇರಿಗ್‌ಗೆ ಹೊಸದಲ್ಲ. ಲೋಸಿಯ 1967ರ 'ಆಕ್ಸಿಡೆಂಟ್'ನಲ್ಲಿ ಡರ್ಕ್ ಬೊಗಾರ್ಡ್ ಜೊತೆಗಿನ ಅವರ ದೃಶ್ಯವೂ ಹೀಗೇ ಇದೆ. ಆದರೆ ಇಲ್ಲಿ ಎರಡು ಗಂಟೆ ಕಾಲ ಅವರು ಬರೀ ನಡೆಯುತ್ತಾರೆ, ಕುಣಿಯುತ್ತಾರೆ, ಮಲಗುತ್ತಾರೆ.

ಇಷ್ಟೆಲ್ಲ ಹಿಂದೆ ಇಟ್ಟುಕೊಂಡು ಬ್ರಸೆಲ್ಸ್‌ನ ಆ ಅಡುಗೆಮನೆ ನೋಡಬೇಕು. ಆಕೆರ್ಮನ್ ಸೇರಿಗ್ ಅವರನ್ನೇ ಯಾಕೆ ಆರಿಸಿದರು ಅನ್ನುವುದಕ್ಕೆ ಕೊಟ್ಟ ಕಾರಣ ತುಂಬಾ ಸರಳ. ದಿನಾ ಪಾತ್ರೆ ತೊಳೆಯುವಂತೆ ಕಾಣುವ ಹೆಂಗಸು ಪಾತ್ರೆ ತೊಳೆದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸೇರಿಗ್ ತೊಳೆದರೆ ಜನ ನೋಡುತ್ತಾರೆ. ಅರಮನೆಯ ದೇವತೆ ಅನ್ನುವ ಆ ಹಳೇ ಪಟ್ಟವೇ ಇಲ್ಲಿ ಕೆಲಸಕ್ಕೆ ಬಂತು.

ಜಾನ್ ವಿಧವೆ. ಹರೆಯದ ಮಗನಿದ್ದಾನೆ. ಮಧ್ಯಾಹ್ನ ಮನೆಗೆ ಒಬ್ಬೊಬ್ಬ ಗಂಡಸು ಬರುತ್ತಾನೆ, ಹಣ ಕೊಟ್ಟು ಹೋಗುತ್ತಾನೆ. ಆ ಹಣ ಊಟದ ಮೇಜಿನ ಮೇಲಿನ ಮುಚ್ಚಳದ ಪಿಂಗಾಣಿ ಬಟ್ಟಲಿಗೆ. ಅಷ್ಟು ಹೊತ್ತಿಗೆ ಒಲೆಯ ಮೇಲೆ ಆಲೂಗಡ್ಡೆ ಬೆಂದಿರುತ್ತದೆ. ಕೋಣೆಯಿಂದ ಹೊರಬರುವಾಗಲೆಲ್ಲ ದೀಪ ಆರಿಸುತ್ತಾಳೆ. ಕ್ಯಾಮೆರಾ ಅಲ್ಲಾಡುವುದಿಲ್ಲ, ಮುಖದ ಹತ್ತಿರಕ್ಕೂ ಹೋಗುವುದಿಲ್ಲ. ಮೂರು ದಿನದ ಕಥೆ. ಮೊದಲ ದಿನ ಎಲ್ಲವೂ ಲೆಕ್ಕ ಹಾಕಿದ ಹಾಗೆ ನಡೆಯುತ್ತದೆ.

ಎರಡನೇ ದಿನ ಬಂದ ಗಿರಾಕಿ ಹೋದ ಮೇಲೆ ಏನೋ ತಪ್ಪಿದೆ ಅನ್ನುವುದು ನಮಗೆ ಮೊದಲು ಗೊತ್ತಾಗುವುದು ಅವಳ ಕೂದಲಿನಿಂದ. ಸ್ವಲ್ಪ ಕೆದರಿದೆ. ಬಟ್ಟಲಿನ ಮುಚ್ಚಳ ಮುಚ್ಚಲು ಮರೆತಿದ್ದಾಳೆ. ಆಲೂಗಡ್ಡೆ ಜಾಸ್ತಿ ಬೆಂದುಹೋಗಿದೆ. ಜಾನ್ ಆ ಪಾತ್ರೆ ಹಿಡಿದುಕೊಂಡು ಎಲ್ಲಿಗೆ ಹೋಗಬೇಕು ಅಂತ ತೋಚದೆ ಮನೆಯೊಳಗೆ ಓಡಾಡುತ್ತಾಳೆ. ಕೋಣೆಗೆ ಹೋಗಿ ವಾಪಸ್ ಬರುತ್ತಾಳೆ. ಕೈಯಲ್ಲಿ ಬಿಸಿ ಪಾತ್ರೆ. ಅಷ್ಟೇ ದೃಶ್ಯ. ಒಂದು ಮಾತಿಲ್ಲ, ಕಣ್ಣೀರಿಲ್ಲ, ಹಿನ್ನೆಲೆ ಸಂಗೀತವಿಲ್ಲ. ಆದರೆ ಎದೆ ಹೊಡೆದುಕೊಳ್ಳುತ್ತದೆ. ಆಮೇಲೆ ಅಂಗಡಿಗೆ ಹೋಗಿ ಹೊಸ ಆಲೂಗಡ್ಡೆ ತಂದು ಸಿಪ್ಪೆ ತೆಗೆಯಲು ಕೂರುತ್ತಾಳೆ. ಅಲ್ಲಿ ಸೇರಿಗ್ ಅವರ ಕೈ ನೋಡಿ. ಸಿಪ್ಪೆ ತೆಗೆಯುವ ವೇಗ ಒಂದೇ ಸಮ ಇರುವುದಿಲ್ಲ. ಒಮ್ಮೆ ರಭಸ, ಒಮ್ಮೆ ಕೈ ನಿಂತೇಹೋಗುತ್ತದೆ, ಕಣ್ಣು ಎಲ್ಲೋ ಇರುತ್ತದೆ, ಮತ್ತೆ ನೆನಪಾಗಿ ಶುರು. ಮೊದಲ ದಿನ ಅದೇ ಕೈ ಹೇಗೆ ಕೆಲಸ ಮಾಡಿತ್ತು ಅನ್ನುವುದು ನಮ್ಮ ತಲೆಯಲ್ಲಿ ಇರುವುದರಿಂದಲೇ ಈ ಸಣ್ಣ ವ್ಯತ್ಯಾಸ ಭೂಕಂಪದಂತೆ ತಟ್ಟುತ್ತದೆ. ಮೂರನೇ ದಿನ ಖೈಮಾ ಕಲಸುವುದಿದೆ, ಸರಿಬರದ ಕಾಫಿಯನ್ನು ಚೆಲ್ಲಿ ಮತ್ತೆ ಮಾಡುವುದಿದೆ, ಮಗನ ಕೋಟಿಗೆ ಹೊಂದುವ ಗುಂಡಿಗಾಗಿ ಅಂಗಡಿ ಅಂಗಡಿ ಅಲೆಯುವುದಿದೆ. ಕೊನೆಗೆ ಏನಾಗುತ್ತದೆ ಅಂತ ಇಲ್ಲಿ ಬರೆಯುವುದಿಲ್ಲ, ನೋಡದವರು ನೋಡಲಿ.

ಈ ಸಿನಿಮಾ ಆಗುವಾಗ ನಟ ಸಾಮಿ ಫ್ರೇ ಸೆಟ್ಟಿನಲ್ಲಿ ವಿಡಿಯೊ ಚಿತ್ರೀಕರಿಸಿದ್ದರು. ಅವರು ಸೇರಿಗ್ ಅವರ ಸಂಗಾತಿ. ಅದನ್ನು ನೋಡುವುದು ಒಂದು ಪಾಠ. ತಲೆ ಬಾಚುವುದು ಎಷ್ಟು ನಿಧಾನ, ಆಗ ಜಾನ್ ಮನಸ್ಸಿನಲ್ಲಿ ಏನಿದೆ, ಈ ಚಲನೆ ಯಾಕೆ ಅಂತ ಸೇರಿಗ್ ಬಿಡದೆ ಕೇಳುತ್ತಾರೆ. ಆಕೆರ್ಮನ್‌ಗೆ ಬೇಕಾದ್ದು ಚಲನೆ ಮತ್ತು ಅದರ ಹೊತ್ತು. ಕಾರಣ ಹೇಳಲು ಅವರು ಒದ್ದಾಡುತ್ತಾರೆ. ವಯಸ್ಸಿನಲ್ಲಿ ಇಬ್ಬರಿಗೂ 18 ವರ್ಷದ ಅಂತರ. ದೊಡ್ಡ ತಾರೆ ಹುಡುಗಿಯ ಎದುರು ಕೂತು ವಿದ್ಯಾರ್ಥಿಯ ಹಾಗೆ ಪ್ರಶ್ನೆ ಕೇಳುತ್ತಾರೆ, ಒಪ್ಪಿಗೆಯಾಗದಿದ್ದರೆ ಮತ್ತೆ ಕೇಳುತ್ತಾರೆ. ನಟನೆ ಅಂದರೆ ದುಡಿಮೆ ಅನ್ನುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಅದೇ ಸಮಯಕ್ಕೆ ಸೇರಿಗ್ ತಾವೇ ಕ್ಯಾಮೆರಾ ಹಿಡಿದರು. ಆಗ ಹೊಸದಾಗಿ ಬಂದಿದ್ದ ಹೆಗಲಿಗೆ ಹಾಕಿಕೊಳ್ಳುವ ಸೋನಿ ವಿಡಿಯೊ ಉಪಕರಣವನ್ನು ಬಳಸಲು ವಿಡಿಯೊ ಚಿತ್ರಗಳ ನಿರ್ದೇಶಕಿ ಕ್ಯಾರೋಲ್ ರೂಸೊಪುಲೋಸ್ ಅವರಿಂದ ಕಲಿತರು. ಪ್ಯಾರಿಸ್ ಮತ್ತು ಲಾಸ್ ಏಂಜಲೀಸ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ನಟಿಯರನ್ನು ಮಾತಾಡಿಸಿ 'ಚೆಂದ ಇರು, ಬಾಯಿ ಮುಚ್ಚು' ಅನ್ನುವ ಸಾಕ್ಷ್ಯಚಿತ್ರ ಮಾಡಿದರು. ಗಂಡಾಗಿ ಹುಟ್ಟಿದ್ದರೆ ನಟನೆಗೆ ಬರುತ್ತಿದ್ದಿರಾ? ಇನ್ನೊಬ್ಬ ಹೆಂಗಸಿನ ಜೊತೆ ಸ್ನೇಹದ, ಅಕ್ಕರೆಯ ದೃಶ್ಯ ಎಂದಾದರೂ ಮಾಡಿದ್ದೀರಾ? ಹೀಗೆ ನೇರ ಪ್ರಶ್ನೆಗಳು. ಎರಡನೆಯದಕ್ಕೆ ಬಹಳ ಜನ ಯೋಚಿಸಿ, ಇಲ್ಲ ಅನ್ನುತ್ತಾರೆ. ಹಾಲಿವುಡ್ಡಿಗೆ ಬಂದ ಹೊಸತರಲ್ಲಿ ಮೇಕಪ್ ವಿಭಾಗದಲ್ಲಿ ತನ್ನ ಮುಖವನ್ನು ಹೇಗೆ ತಿದ್ದಲು ಹೊರಟರು, ಕೆನ್ನೆ ಒಳಗೆ ಹೋಗಲಿ ಅಂತ ದವಡೆ ಮುರಿಸಿಕೊಳ್ಳಲು ಹೇಗೆ ಸಲಹೆ ಕೊಟ್ಟರು ಅಂತ ಜೇನ್ ಫೋಂಡಾ ಹೇಳುತ್ತಾರೆ. ಮಾರಿಯಾ ಷ್ನೈಡರ್ ಇನ್ನೂ ಇಪ್ಪತ್ತರ ಹರೆಯದ ಹುಡುಗಿ. 'ಲಾಸ್ಟ್ ಟ್ಯಾಂಗೊ ಇನ್ ಪ್ಯಾರಿಸ್' ಸಿನಿಮಾದ ಸೆಟ್ಟಿನಲ್ಲಿ ಅವರು ಎದುರಿಸಿದ ಹಿಂಸೆಯನ್ನು ಜಗತ್ತು ಗಂಭೀರವಾಗಿ ಕೇಳಿಸಿಕೊಂಡದ್ದು ದಶಕಗಳ ನಂತರ. ಸೇರಿಗ್ ಆಗಲೇ ಕೇಳಿಸಿಕೊಂಡಿದ್ದರು. ನಮ್ಮ ಚಿತ್ರರಂಗಗಳಲ್ಲೂ ನಟಿಯರು ಈಗ ಹೇಳಿಕೊಳ್ಳುತ್ತಿರುವ ಮಾತುಗಳನ್ನು ಓದುವಾಗ ನನಗೆ ಆ ಕಪ್ಪು-ಬಿಳುಪು ವಿಡಿಯೊ ನೆನಪಾಗುತ್ತದೆ. 1982ರಲ್ಲಿ ಸೇರಿಗ್, ರೂಸೊಪುಲೋಸ್, ಯೊವಾನಾ ವೀಡರ್ ಸೇರಿ ಪ್ಯಾರಿಸ್‌ನಲ್ಲಿ ಸಿಮೊನ್ ದ ಬೊವಾರ್ ಹೆಸರಿನ ದೃಶ್ಯ-ಶ್ರವ್ಯ ಕೇಂದ್ರ ಕಟ್ಟಿದರು. ಹೆಂಗಸರು ಮಾಡಿದ, ಹೆಂಗಸರ ಹೋರಾಟದ ಚಿತ್ರಗಳನ್ನು ಕಾಪಾಡುವುದು ಅದರ ಕೆಲಸ. ಕೇಂದ್ರ ಇವತ್ತಿಗೂ ಇದೆ.

ಇದರ ನಂತರ ದೊಡ್ಡ ಹೆಸರಿನ ಗಂಡಸು ನಿರ್ದೇಶಕರ ಸಿನಿಮಾಗಳಲ್ಲಿ ಸೇರಿಗ್ ಕಾಣುವುದು ಕಡಿಮೆಯಾಗುತ್ತದೆ. ಇದನ್ನು ಇಳಿಗಾಲ ಅಂತ ಬರೆಯುವವರ ಮಾತು ನಾನು ಒಪ್ಪುವುದಿಲ್ಲ. ಜರ್ಮನಿಯ ಉಲ್ರಿಕೆ ಒಟ್ಟಿಂಗರ್ ಜೊತೆ ಅವರು ಮಾಡಿದ ಸಿನಿಮಾಗಳನ್ನು ನೋಡಲಿ. ಅದರಲ್ಲೂ 1989ರ 'ಯೊಹಾನ್ನಾ ಡಾರ್ಕ್ ಆಫ್ ಮಂಗೋಲಿಯಾ'. ಸೈಬೀರಿಯಾ ದಾಟುವ ರೈಲಿನಲ್ಲಿ ಶುರುವಾಗಿ ಮಂಗೋಲಿಯಾದ ಹುಲ್ಲುಗಾವಲಿಗೆ ಹೋಗುವ ಕಥೆ. ಸೇರಿಗ್ ಅದರಲ್ಲಿ ಲೇಡಿ ವಿಂಡರ್ಮಿಯರ್. ಐವತ್ತು ದಾಟಿದ ವಯಸ್ಸಿನಲ್ಲಿ ಅವರ ಮುಖದಲ್ಲಿ ಇರುವ ಕುತೂಹಲ ನೋಡಿದರೆ ಖುಷಿಯಾಗುತ್ತದೆ. ಮತ್ತೆ ಆಕೆರ್ಮನ್ ಅವರ 1986ರ 'ಗೋಲ್ಡನ್ ಏಯ್ಟೀಸ್' ಇದೆ. ಹಾಡು ಕುಣಿತದ ಸಿನಿಮಾ, ಶಾಪಿಂಗ್ ಮಾಲ್‌ನೊಳಗೆ ನಡೆಯುತ್ತದೆ. ಸೇರಿಗ್ ಬಟ್ಟೆ ಅಂಗಡಿಯ ಒಡತಿ, ನಾಜಿ ಶಿಬಿರದಿಂದ ಬದುಕಿ ಬಂದ ಯಹೂದಿ ಹೆಂಗಸು. ಪಾತ್ರದ ಹೆಸರು ಇಲ್ಲೂ ಜಾನ್.

ಒಂದು ಸಿನಿಮಾ ಮಾತ್ರ ಆಗಲಿಲ್ಲ. 19ನೇ ಶತಮಾನದ ಅಮೆರಿಕದ ಸಾಹಸಿ ಹೆಂಗಸು ಕ್ಯಾಲಮಿಟಿ ಜೇನ್ ತನ್ನ ಮಗಳಿಗೆ ಬರೆದಳು ಎನ್ನಲಾದ ಪತ್ರಗಳಿವೆ. ಅವನ್ನು ಆಧರಿಸಿ ಒಂದು ಕಥಾಚಿತ್ರವನ್ನು ತಾವೇ ನಿರ್ದೇಶಿಸಬೇಕು ಅನ್ನುವುದು ಸೇರಿಗ್ ಅವರ ಆಸೆಯಾಗಿತ್ತು. 1983ರಲ್ಲಿ ಮೊಂಟಾನಾಕ್ಕೆ ಹೋಗಿ ಜನರನ್ನು ಮಾತಾಡಿಸಿ ಚಿತ್ರೀಕರಿಸಿಯೂ ಬಂದಿದ್ದರು. ಕ್ಯಾಮೆರಾ ಬಾಬೆತ್ ಮಾಂಗೋಲ್ತ್ ಅವರದು. 'ಜಾನ್ ಡೀಲ್‌ಮನ್' ಚಿತ್ರೀಕರಿಸಿದವರೂ ಅವರೇ. 1990ರ ಅಕ್ಟೋಬರ್ 15ರಂದು ಸೇರಿಗ್ ಪ್ಯಾರಿಸ್‌ನಲ್ಲಿ ತೀರಿಕೊಂಡರು, ಶ್ವಾಸಕೋಶದ ಕ್ಯಾನ್ಸರ್. ವಯಸ್ಸು 58. ಮೊಂಟಾನಾದ ಆ ದೃಶ್ಯಗಳನ್ನು ಬಳಸಿ ಮಾಂಗೋಲ್ತ್ ಎಷ್ಟೋ ವರ್ಷಗಳ ನಂತರ ಒಂದು ಸಾಕ್ಷ್ಯಚಿತ್ರ ಮಾಡಿದರು.

ಸೇರಿಗ್ ಅವರನ್ನು ಹೊಸದಾಗಿ ನೋಡುವವರು ಮಾರಿಯನ್‌ಬಾದ್‌ನಿಂದ ಶುರು ಮಾಡಬೇಡಿ ಅನ್ನುವುದು ನನ್ನ ಮಾತು. ತ್ರುಫೊ ಸಿನಿಮಾದಿಂದ ಶುರು ಮಾಡಿ, ಅದು ಹಗುರ, ನಗು ಬರುತ್ತದೆ. ಆಮೇಲೆ 'ಮುರಿಯೆಲ್', ಸಾಧ್ಯವಾದರೆ ಎರಡು ಸಲ. ನಟಿಯರ ಆ ಸಾಕ್ಷ್ಯಚಿತ್ರ ಸಿಕ್ಕರೆ ಬಿಡಬೇಡಿ. ಮನೆಯಲ್ಲಿ ಸಿನಿಮಾದಲ್ಲಿ ಕೆಲಸ ಮಾಡುವ ಆಸೆಯಿರುವ ಹೆಣ್ಣುಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಂಡು ನೋಡಿ.